ಎಡಗಾಲಿನ ಬೆಂಡು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಿಟಕಿಗೆ ಒತ್ತಿಕೊಂಡಿರುವ ಮರದ ಹಲಗೆಯ ಮೇಲೆ ಸರಿಮಾಡಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಯಾರದೋ ಕಂದು ಶೂ ಒಳಗೆ ಮಣಿಕಟ್ಟಿನವರೆಗೂ ಕೈ ತೂರಿಸಿ ಕಣ್ಣು ಮುಚ್ಚಿಕೊಂಡಿದ್ದಾರೆ. ಬೆರಳುಗಳು ಒಳಗಿನ ಕತ್ತಲಲ್ಲಿ ತಡವುತ್ತಾ ಹೋಗುತ್ತವೆ. ಹೆಬ್ಬೆರಳು ಒತ್ತಿ ಒತ್ತಿ ಮಾಡಿದ ಗುಳಿ ಇಲ್ಲಿದೆ, ಕಿರುಬೆರಳು ಉಜ್ಜಿದ ಜಾಗ ಅಲ್ಲಿದೆ. ಶೂ ಕೊಟ್ಟುಹೋದ ಮನುಷ್ಯನನ್ನು ಅವರು ನೋಡಿಯೇ ಇಲ್ಲ; ನಿನ್ನೆ ಸಂಜೆ ನಾದಿನಿ ತೆಗೆದಿಟ್ಟುಕೊಂಡದ್ದು. ಆದರೂ ಅವನ ಪಾದ ಈಗ ಅಕ್ಕನ ಅಂಗೈಯಲ್ಲಿದೆ.

“ನಿಂತ್ಕೊಂಡು ಕೆಲಸ ಮಾಡೋರು,” ಎಂದು ಪಿಸುಗುಡುತ್ತಾರೆ. “ಬಲಗಾಲಿನ ಮೇಲೆ ಭಾರ ಜಾಸ್ತಿ. ಯಾರಾದ್ರೂ ಬೈತಾ ಇದ್ರೆ ಬಾಯಿ ಮುಚ್ಕೊಂಡು ಶೂ ಒಳಗೇ ಬೆರಳು ಮಡಚ್ತಾರೆ. ಪಾಪ, ಉಗುರಿನ ಗುರುತು ಎಷ್ಟು ಆಳ ಇದೆ ನೋಡಿ.” ಕೆಲಸ ನೋಡಲು ಬಂದ ನನ್ನ ಮುಂದೆ ಶೂ ಚಾಚುತ್ತಾರೆ. ಬೇರೆಯವರ ಶೂ ಒಳಗೆ ಕೈ ಹಾಕುವುದಕ್ಕೂ ಸ್ವಲ್ಪ ಧೈರ್ಯ ಬೇಕು. ಒಳಗೆ ಇನ್ನೂ ಬೆಚ್ಚಗಿದೆ ಎನ್ನಿಸಿ ಮೈ ಜುಮ್ಮೆನ್ನುತ್ತದೆ. ಅದು ಅಕ್ಕನ ಕೈಯ ಬಿಸಿ ಎಂದು ಆಮೇಲೆ ಹೊಳೆಯುತ್ತದೆ.

ಅವರು ಪಿಸುಗುಡುವುದಕ್ಕೆ ಕಾರಣ ಬೇರೆಯೇ ಇದೆ. ಇರುವುದು ಒಂದೇ ಉದ್ದನೆಯ ಕೋಣೆ. ನಡುವೆ ನೀಲಿ ಪರದೆ. ಪರದೆಯ ಆಚೆ ಅಕ್ಕನ ಗಂಡ ಮಲಗಿದ್ದಾರೆ. ಗೋದಾಮೊಂದರ ರಾತ್ರಿ ಕಾವಲುಗಾರರು ಅವರು. ಊರು ಏಳುವ ಮುಂಚೆಯೇ ಮನೆಗೆ ಬಂದು ದಿಂಬಿಗೆ ತಲೆ ಕೊಡುತ್ತಾರೆ. ಹಾಗಾಗಿ ಈ ಅಂಗಡಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಗಿರಾಕಿಗಳು ಬಾಗಿಲಲ್ಲೇ ದನಿ ಇಳಿಸಿಕೊಳ್ಳುತ್ತಾರೆ. ಚೌಕಾಸಿಯೂ ಪಿಸುಮಾತಲ್ಲೇ, ಜಗಳವೂ ಪಿಸುಮಾತಲ್ಲೇ. ಹೊಸಬರಿಗಂತೂ ಯಾರದೋ ಸಾವಿನ ಮನೆಗೆ ಬಂದುಬಿಟ್ಟೆವೇನೋ ಎಂದು ಗಾಬರಿಯಾಗುತ್ತದೆ.

ಗಾಬರಿಯಾಗಲು ಬೇರೆ ಕಾರಣಗಳೂ ಇವೆ ಬಿಡಿ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಜೋಡಿ ಜೋಡಿ ಶೂಗಳು, ಎಲ್ಲದರ ಮೂತಿಯೂ ಬಾಗಿಲ ಕಡೆಗೆ. ಬಿಗಿಯಾದ ಶೂಗೆ ನೀರು ಸವರಿ, ಮರದ ಪಾದದ ಅಚ್ಚು ತುರುಕಿ ರಾತ್ರಿಯಿಡೀ ಬಿಟ್ಟಿರುತ್ತಾರೆ. ಬೆಳಗಿನ ಜಾವ ಚರ್ಮ ಒಣಗಿ ಹಿಗ್ಗುವಾಗ ಕಿರ್ರ್ ಎನ್ನುತ್ತದೆ. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಇನ್ನೊಂದು ಮೂಲೆಯಲ್ಲಿ. ತುಂಬಾ ಹೊತ್ತು ನಿಂತವರು ಕಾಲು ಬದಲಿಸಿದಾಗ ಬರುವ ಸದ್ದು ಅದು. ಎದುರುಗೋಡೆಯಲ್ಲಿ ನೇತುಹಾಕಿದ ಕೋಟುಗಳಿಗೂ ತೊಟ್ಟವರ ಭುಜ ಹಾಗೇ ಉಳಿದಿರುತ್ತದೆ. ಅಕ್ಕನಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಆಕಳಿಸುತ್ತಾ ಅವುಗಳ ನಡುವೆ ಪೊರಕೆ ಆಡಿಸುತ್ತಾರೆ.

ಅವರ ನಿಜವಾದ ಹೆಸರು ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಏನು ತಂದುಕೊಟ್ಟರೂ “ಸರಿ ಮಾಡೋಣ” ಎನ್ನುತ್ತಿದ್ದರಂತೆ. ಜನ ಅದನ್ನೇ ಹೆಸರು ಮಾಡಿಬಿಟ್ಟರು. ಕೆಲಸವನ್ನು ಅತ್ತಿಗೆ ನಾದಿನಿ ಹಂಚಿಕೊಂಡಿದ್ದಾರೆ: ಕಾಲಿನದ್ದೆಲ್ಲ ಅಕ್ಕನಿಗೆ, ಮೈಯದ್ದೆಲ್ಲ ನಾದಿನಿಗೆ. ಗಂಡನ ತಂಗಿಯಾದ ಈ ನಾದಿನಿಗೆ ಪಿಸುಗುಟ್ಟುವುದೇ ಶಿಕ್ಷೆ. ಹೊಲಿಗೆ ಯಂತ್ರದ ಸದ್ದಿಗೆ ಏಳದ ಅಣ್ಣ ತನ್ನ ಮಾತಿಗೆ ಮಾತ್ರ ಏಳುತ್ತಾನೆ ಎಂಬುದು ಅವರ ಖಾಯಂ ದೂರು. “ನಾನು ನೋಡೋರಿಗೆ ಹೊಲೀತೀನಿ, ಅತ್ತಿಗೆ ಹಾಕ್ಕೊಳ್ಳೋರಿಗೆ ಹೊಲೀತಾರೆ. ಅದಕ್ಕೇ ನನ್ನ ಗಿರಾಕಿಗಳು ಕನ್ನಡಿ ಕೇಳ್ತಾರೆ, ಅವರ ಗಿರಾಕಿಗಳು ಕುರ್ಚಿ ಕೇಳ್ತಾರೆ,” ಎಂದು ನಗುತ್ತಾರೆ.

ಪೇಟೆಯ ಅಂಗಡಿಗಳಲ್ಲಿ ಸಿಗುವ ಬಟ್ಟೆ, ಶೂಗಳೆಲ್ಲ ಎಲ್ಲೂ ಇಲ್ಲದ ಒಬ್ಬ ಮನುಷ್ಯನ ಅಳತೆಗೆ ಮಾಡಿದವು. ಅವನ ಎರಡು ಕಾಲೂ ಸಮ, ಎರಡು ಭುಜವೂ ಸಮ, ಬೆರಳುಗಳು ನೆಟ್ಟಗೆ. ಅಂಥವರು ಯಾರೂ ಈ ಬಾಗಿಲಿಗೆ ಬಂದಿಲ್ಲ. ಬರುವವರಲ್ಲಿ ಕಾಲ್ಬೆರಳಿನ ಗೆಣ್ಣು ಊದಿದ ಕಂಡಕ್ಟರ್ ಇದ್ದಾರೆ. ಅವರ ಶೂಗೆ ಅಕ್ಕ ಒಂದು ಕಡೆ ಮಾತ್ರ ಬುಗುಟು ಎಬ್ಬಿಸಿಕೊಡುತ್ತಾರೆ. ಎಲ್ಲ ಉಡುಪಿಗೂ ಎರಡು ಆಳವಾದ ಜೇಬು ಬೇಕೆನ್ನುವ ನರ್ಸಮ್ಮ ಇದ್ದಾರೆ. ಬೆನ್ನ ಮೇಲೆ ಬೆಂಕಿಯುಗುಳುವ ಮೀನು ಬೇಕೆಂದು ಜಾಕೆಟ್ ತಂದ ಕಾಲೇಜು ಹುಡುಗಿಗೆ, ಮೀನಿಗೂ ಬೆಂಕಿಗೂ ಏನು ಸಂಬಂಧ ಎಂದು ಕೇಳದೆ ನಾದಿನಿ ಕಸೂತಿ ಹಾಕಿಕೊಟ್ಟಿದ್ದಾರೆ. ದಿನಕ್ಕೆ ಏಳೆಂಟು ಜೊತೆ ಶೂ, ಹತ್ತು ಹನ್ನೆರಡು ಉಡುಪು. ರೆಡಿಮೇಡ್ ಅಗ್ಗವಾದ ಮೇಲೆ ಹೊಂದಿಸಿಕೊಳ್ಳುವ ಬದಲು ಎಸೆಯುವವರೇ ಹೆಚ್ಚು ಎಂದು ಇಬ್ಬರೂ ನಿಟ್ಟುಸಿರು ಬಿಡುತ್ತಾರೆ.

ಅಕ್ಕನ ತಂದೆ ಶೂ ಕಾರ್ಖಾನೆಗೆ ಮರದ ಅಚ್ಚು ಕೆತ್ತುತ್ತಿದ್ದವರು. ಕಾರ್ಖಾನೆ ಪ್ಲಾಸ್ಟಿಕ್ ಅಚ್ಚಿಗೆ ತಿರುಗಿದಾಗ ಅಪ್ಪ ಗೋಣಿ ತುಂಬಾ ಮರದ ಪಾದಗಳನ್ನು ಹೊತ್ತು ಮನೆಗೆ ಬಂದರು. ಮಗಳ ಮದುವೆಯಾದಾಗ ಆ ಗೋಣಿಯೂ ಜೊತೆಗೆ ಬಂತು. ಹೊಸ ಸೊಸೆ ಚೀಲ ಬಿಚ್ಚಿದಾಗ ಉರುಳಿದ ಪಾದಗಳನ್ನು ಕಂಡು ಅತ್ತೆ ಎರಡು ದಿನ ಆ ಕೋಣೆಗೆ ಕಾಲಿಟ್ಟಿರಲಿಲ್ಲವಂತೆ. ಈಗ ಅಂಟಿನ ಘಾಟಿಗೆ ಅಕ್ಕನ ಮೂಗು ಸತ್ತಿದೆ, ಒಲೆ ಮೇಲೆ ಸೀದದ್ದೂ ಗೊತ್ತಾಗುವುದಿಲ್ಲ. ಮಂಡಿಗಳು ಮಾತು ಕೇಳುವುದಿಲ್ಲ. ಕಿವಿ ಮಾತ್ರ ಹಾವಿನ ಹೆಡೆಯ ಹಾಗೆ ಎದ್ದು ಕೂತಿದೆ.

ಕಿವಿ ಯಾಕೆಂದರೆ, ಅಕ್ಕ ಶೂವನ್ನು ಕಣ್ಣಿಂದ ಪರೀಕ್ಷಿಸುವುದಿಲ್ಲ. ಕೋಣೆಯ ಹೊರಗೆ ಒಂದು ಉದ್ದನೆಯ ನಡೆಮನೆ ಇದೆ, ನೆಲಕ್ಕೆ ಹಳೆಯ ಹಲಗೆ ಹಾಸಿದ್ದಾರೆ. ಕೆಲಸ ಮುಗಿದ ಶೂ ಹಾಕಿಕೊಂಡು ಗಿರಾಕಿ ಅಲ್ಲಿ ಹೋಗಿ ಬರಬೇಕು. ಅಕ್ಕ ಒಳಗೆ ಕಣ್ಣು ಮುಚ್ಚಿ ಕೂತಿರುತ್ತಾರೆ. ಒಂದು ಹಿಮ್ಮಡಿ ತಡವಾಗಿ ನೆಲ ಮುಟ್ಟಿದರೂ ಶೂ ವಾಪಸ್ ಹಲಗೆಗೆ ಬರುತ್ತದೆ. ಪರದೆಯ ಆಚೆ ಮಲಗಿದವರಿಗೂ ವರ್ಷಗಟ್ಟಲೆ ಇದೇ ಸದ್ದು ಕೇಳಿ ಕೇಳಿ, ನಿದ್ದೆಯಲ್ಲೂ ಬಂದವರು ಯಾರೆಂದು ತಿಳಿಯುವ ಹಾಗಾಗಿದೆ. ಕಣ್ಣು ಬಿಡದೆ ಹೆಸರು ಹಿಡಿದು ಮಾತಾಡಿಸಿ ಮಗ್ಗುಲು ಬದಲಿಸುತ್ತಾರೆ.

ಅಕ್ಕನಿಗೆ ತಮ್ಮ ಕೆಲಸದಲ್ಲಿ ಯಾವುದರ ಬಗ್ಗೆ ಹೆಮ್ಮೆ ಎಂದು ಕೇಳಿದರೆ ಡ್ರಾಯಿಂಗ್ ಮೇಷ್ಟ್ರ ಶೂ ಎನ್ನುತ್ತಾರೆ. ನಾಚಿಕೆ ಯಾವುದರ ಬಗ್ಗೆ ಎಂದರೂ ಅದೇ ಶೂ.

ಮೇಷ್ಟ್ರ ಎಡಗಾಲು ಒಂದು ಬೆರಳಿನ ದಪ್ಪದಷ್ಟು ಗಿಡ್ಡ. ಬರಿಗಾಲಲ್ಲಿ ನಡೆದರೆ ಮೈ ಒಂದು ಕಡೆ ಓಲುತ್ತಿತ್ತು. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದರೆ ಸಾಕು, ಬೆನ್ನ ಹಿಂದೆ ಮಕ್ಕಳು ಅವರ ನಡಿಗೆ ನಡೆದು ತೋರಿಸುತ್ತಿದ್ದರಂತೆ. ಎತ್ತರದ ಅಟ್ಟೆ ಹಾಕಿದರೆ ಎಲ್ಲರಿಗೂ ಕಾಣುತ್ತದೆ, ಕಾಣದ ಹಾಗೆ ಏನಾದರೂ ಮಾಡಿ ಎಂದು ಅಕ್ಕನ ಮುಂದೆ ಕೂತು ಕಣ್ಣು ತುಂಬಿಕೊಂಡಿದ್ದರು. ಅಕ್ಕ ಬೆಂಡಿನ ತುಂಡೊಂದನ್ನು ಹಿಮ್ಮಡಿಯ ಕಡೆ ದಪ್ಪ, ಬೆರಳಿನ ಕಡೆ ತೆಳು ಬರುವ ಹಾಗೆ ಕೆತ್ತಿದರು. ಅದನ್ನು ಎಡ ಶೂ ಒಳಗೆ, ಒಳಪದರದ ಅಡಿ ಅಂಟಿಸಿ ಮೇಲೆ ಮತ್ತೆ ಚರ್ಮ ಹಾಸಿದರು. ಮೇಲ್ಚರ್ಮವನ್ನೂ ಅಷ್ಟೇ ಎತ್ತಿ ಹೊಲಿದರು. ಎರಡು ಶೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎಳ್ಳಷ್ಟೂ ಕಾಣದು. ನಾದಿನಿ ಕೋಟಿನ ಎಡ ಭುಜಕ್ಕೆ ಹತ್ತಿ ತುಂಬಿದರು.

ಅಂದಿನಿಂದ ಮೇಷ್ಟ್ರು ನೆಟ್ಟಗೆ ನಡೆದರು. ಸದ್ದು ಮಾತ್ರ ಒಂದೇ ಆಗಲಿಲ್ಲ. ಬಲಗಾಲು ಟಕ್ ಎನ್ನುತ್ತಿತ್ತು, ಬೆಂಡಿದ್ದ ಎಡಗಾಲು ದಬ್ ಎನ್ನುತ್ತಿತ್ತು. ಅದನ್ನೂ ಸರಿ ಮಾಡುತ್ತೇನೆ ಎಂದು ಅಕ್ಕ ಹಟ ಹಿಡಿದರೆ ಮೇಷ್ಟ್ರು ಬೇಡವೆಂದರು. ಮೆಟ್ಟಿಲು ಹತ್ತುವಾಗ ಈ ಟಕ್-ದಬ್ ಕೇಳಿಯೇ ಹೆಂಡತಿ ಬಾಗಿಲು ತೆಗೆಯುತ್ತಾಳೆ, ಬೆಲ್ ಒತ್ತುವ ಕೆಲಸವೇ ತಪ್ಪಿದೆ ಎಂದು ನಕ್ಕಿದ್ದರು.

ಕಳೆದ ವರ್ಷ ಮೇಷ್ಟ್ರು ತರಗತಿಯಲ್ಲೇ, ಬೋರ್ಡಿನ ಮೇಲೆ ಅರ್ಧ ಬರೆದ ಹೂಜಿಯ ಮುಂದೆ ಕುಸಿದು ಹೋಗಿಬಿಟ್ಟರು. ಸ್ವಲ್ಪ ಕಾಲದ ಮೇಲೆ ಅವರ ಹೆಂಡತಿ ಶೂ, ಕೋಟು ತಂದರು. ಇನ್ನೂ ಗಟ್ಟಿಯಾಗಿವೆ, ಮೈದುನನಿಗೆ ಹೊಂದಿಸಿಕೊಡಿ ಎಂದರು. ಮೇಷ್ಟ್ರ ತಮ್ಮ ಅದೇ ಮನೆಯಲ್ಲಿರುವವನು, ಮದುವೆಯಾಗಿಲ್ಲ, ಮನೆ ಮನೆಗೆ ಪಾರ್ಸೆಲ್ ಹಂಚುವ ಕೆಲಸ. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವವನ ಬಂಡವಾಳವೆಲ್ಲ ಎರಡು ಕಾಲು. ಅಂದು ಅವನು ಅತ್ತಿಗೆಯ ಹಿಂದೆ, ಬಾಗಿಲಿಗೆ ಅಡ್ಡವಾಗದ ಹಾಗೆ ನಿಂತಿದ್ದ.

ಹೀಗೆ ಹೋದವರ ಬಟ್ಟೆಯನ್ನು ಇದ್ದವರಿಗೆ ಹೊಂದಿಸುವುದು ಈ ಅಂಗಡಿಗೆ ಹೊಸದಲ್ಲ. ನಾದಿನಿ ಕೋಟು ಬಿಚ್ಚಿ ಎಡ ಭುಜದ ಹತ್ತಿ ಕಿತ್ತರು, ಪಕ್ಕದ ಹೊಲಿಗೆ ಒಳಗೆ ಹಿಡಿದರು. ಅಕ್ಕ ಶೂ ಎತ್ತಿಕೊಂಡರು. ರೂಢಿಯಂತೆ ಕೈ ಒಳಗೆ ಹಾಕಿ ಕಣ್ಣು ಮುಚ್ಚಿದರು. ಒಳಗೆ ಮೇಷ್ಟ್ರಿದ್ದರು. ಆ ಪಾದ ಅಕ್ಕನ ಕೈಗೆ ಎಷ್ಟು ಪರಿಚಯ ಎಂದರೆ, ಒಳಗಿನ ಏರು ತಗ್ಗೆಲ್ಲ ಇರಬೇಕಾದ ಜಾಗದಲ್ಲೇ ಇದೆ ಅನ್ನಿಸಿತು. ತಮ್ಮನ ಪಾದ ಚಿಕ್ಕದೆಂದು ಮುಂದೆ ಮೆತ್ತೆ ಹಾಕಿದರು, ಹಿಂದೆ ಬಿಗಿ ಮಾಡಿದರು. ಬೆಂಡು ಹಾಗೇ ಉಳಿಯಿತು. ಕಾಣದ ಹಾಗೆ ಮಾಡಿದ ಕೆಲಸ ಮಾಡಿದವರಿಗೂ ಕಾಣಲಿಲ್ಲ. ಅಂದು ಅಂಗಡಿಯಲ್ಲಿ ಜನ ತುಂಬಿದ್ದರು, ನಡೆಮನೆಯಲ್ಲಿ ನಡೆಸಿ ಕೇಳುವುದನ್ನೂ ಅಕ್ಕ ಬಿಟ್ಟುಬಿಟ್ಟರು.

“ಇಷ್ಟು ವರ್ಷದಲ್ಲಿ ನಡೆಸದೆ ಕಳಿಸಿದ್ದು ಅದೊಂದೇ ಜೊತೆ,” ಎಂದು ಅಕ್ಕ ಕೈ ನೋಡಿಕೊಳ್ಳುತ್ತಾರೆ. “ನನ್ನ ಕೈ ಆ ಶೂನ ಸತ್ತೋರಿಗೇ ಹೊಂದಿಸ್ತು. ಬದುಕಿರೋನು ಎದುರಿಗೇ ನಿಂತಿದ್ದ. ಅವನ ಕಾಲು ನಾನು ನೋಡ್ಲೇ ಇಲ್ಲ.”

ಮಳೆಗಾಲ ಕಳೆದ ಮೇಲಿನ ಒಂದು ಬೆಳಿಗ್ಗೆ. ನಾದಿನಿ ಇನ್ನೂ ಯಂತ್ರದ ಹೊದಿಕೆ ತೆಗೆದಿರಲಿಲ್ಲ. ಹೊರಗಿನ ಹಲಗೆಯ ಮೇಲೆ ಹೆಜ್ಜೆ ಸದ್ದು ಬಂತು. ಟಕ್-ದಬ್. ಟಕ್-ದಬ್. ಅಕ್ಕನ ಕೈಯಲ್ಲಿದ್ದ ಉಳಿ ಹಾಗೇ ನಿಂತಿತು. ನಾದಿನಿ ಇತ್ತ ನೋಡಿದರು. ಆಗ ಪರದೆಯ ಆಚೆಯಿಂದ ಗಂಡನ ದನಿ, ನಿದ್ದೆಯಲ್ಲಿ ತೇಲುತ್ತಾ, ಬಹಳ ಸಮಾಧಾನವಾಗಿ ಬಂತು.

“ಏನ್ ಮೇಷ್ಟ್ರೇ, ತುಂಬಾ ದಿನ ಆಯ್ತಲ್ಲ ಈ ಕಡೆ ಬಂದು.”

ಹೊರಗೆ ಹೆಜ್ಜೆ ನಿಂತಿತು. ಒಂದು ಕ್ಷಣ ಬಿಟ್ಟು, “ಹೂಂ,” ಎಂದು ಯಾರೋ ಉತ್ತರ ಕೊಟ್ಟರು.

ಅದನ್ನು ಹೇಳುವಾಗ ಇವತ್ತಿಗೂ ನಾದಿನಿ ತೋಳು ಚಾಚಿ, ಎದ್ದು ನಿಂತ ರೋಮ ತೋರಿಸುತ್ತಾರೆ. ಬಾಗಿಲಿಗೆ ಬಂದವನು ತಮ್ಮ. ಮುಖ ಸೊರಗಿತ್ತು. ಮೈ ಬಲಕ್ಕೆ ವಾಲಿತ್ತು. ಅಣ್ಣ ಬರಿಗಾಲಲ್ಲಿ ಓಲುತ್ತಿದ್ದುದಕ್ಕೆ ಸರಿಯಾಗಿ ಉಲ್ಟಾ. ಒಬ್ಬನನ್ನು ನೆಟ್ಟಗೆ ಮಾಡಿದ ಶೂ ಇನ್ನೊಬ್ಬನನ್ನು ಸೊಟ್ಟ ಮಾಡಿತ್ತು. ಮೇಷ್ಟ್ರೇ ಎಂದದ್ದಕ್ಕೆ ನೀನು ಯಾಕೆ ಹೂಂ ಅಂದೆ ಎಂದು ನಾದಿನಿ ಪಿಸುದನಿಯಲ್ಲೇ ತರಾಟೆಗೆ ತೆಗೆದುಕೊಂಡರು. ಅವನು ಕಣ್ಣು ಕಣ್ಣು ಬಿಟ್ಟ. ತಾನು ಹೂಂ ಅಂದದ್ದೇ ಅವನಿಗೆ ಗೊತ್ತಿರಲಿಲ್ಲ.

ಕುರ್ಚಿ ಕೊಟ್ಟು ಕೂರಿಸಿದ ಮೇಲೆ ನಿಧಾನವಾಗಿ ಬಾಯಿ ಬಿಟ್ಟ. ಸೊಂಟದ ನೋವು ತಡೆಯಲಾಗುತ್ತಿಲ್ಲ, ಮೆಟ್ಟಿಲಲ್ಲಿ ಎರಡು ಸಲ ಜಾರಿ ಬಿದ್ದ. ಹೀಗೇ ನಡೆದರೆ ಸೊಂಟ ಹೀಗೇ ಕೂತುಬಿಡುತ್ತದೆ ಎಂದು ಡಾಕ್ಟರ್ ಹೆದರಿಸಿದ್ದಾರೆ. ಅದಕ್ಕಿಂತ ವಿಚಿತ್ರದ್ದು ಇನ್ನೊಂದು. ಪಾರ್ಸೆಲ್ ಕಚೇರಿಯಲ್ಲಿ ಯಾರಾದರೂ ತನ್ನ ಹೆಸರು ಕರೆದರೆ ತಿರುಗುವುದು ಮರೆಯುತ್ತಿದೆ. ಮೆಟ್ಟಿಲ ತಿರುವಿನಲ್ಲಿ ಅಣ್ಣ ನಿಂತು ಕೆಮ್ಮುತ್ತಿದ್ದ ಜಾಗದಲ್ಲಿ ತನಗೂ ಕೆಮ್ಮು ಬರುತ್ತದೆ. ಶೂ ಚುಚ್ಚುತ್ತಿದ್ದರೆ ಅವತ್ತೇ ಯಾಕೆ ಬಂದು ಹೇಳಲಿಲ್ಲ ಎಂದು ಅಕ್ಕ ಕೇಳಿದರು.

“ಅಣ್ಣನ ಶೂ ಅಲ್ವಾ ಅಕ್ಕಾ,” ಎಂದ. “ನನಗೆ ಹೇಗೆ ಸರಿಯಾಗಿ ಕೂರುತ್ತೆ ಅಂದ್ಕೊಂಡೆ.”

ಬೆಂಡಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಶೂ ಹಾಕಿದರೆ ಅಣ್ಣ ನೆಟ್ಟಗೆ ನಡೆಯುತ್ತಾನೆ ಎಂದಷ್ಟೇ ಮನೆಯವರಿಗೆ ಗೊತ್ತು, ಯಾಕೆ ಎಂದು ಯಾರೂ ಕೇಳಿರಲಿಲ್ಲ. ಅಕ್ಕ ಮುಚ್ಚುಮರೆಯಿಲ್ಲದೆ ತಪ್ಪು ಒಪ್ಪಿಕೊಂಡು, ನಾಳೆಗೆ ತೆಗೆದುಕೊಡುತ್ತೇನೆ ಎಂದು ಶೂ ಇಟ್ಟುಕೊಂಡರು. ಅವನು ಅಂಗಡಿಯ ಹಳೇ ಮೆತ್ತನೆಯ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೋದ.

ಮಾರನೆಯ ಬೆಳಿಗ್ಗೆ ಬಂದದ್ದು ಅವನಲ್ಲ, ಮೇಷ್ಟ್ರ ಹೆಂಡತಿ. ಬಾಗಿಲಲ್ಲಿ ನಿಂತವರ ಕಣ್ಣು ನೇರವಾಗಿ ಹಲಗೆಯ ಮೇಲಿದ್ದ ಶೂಗಳ ಮೇಲೆ ಹೋಯಿತು. ಇನ್ನೂ ಬಿಚ್ಚಿಲ್ಲ ತಾನೇ ಎಂದು ಮೊದಲು ಅದನ್ನೇ ಕೇಳಿದರು. ನಿನ್ನೆ ಸಂಜೆ ಮೈದುನ ಆ ಚಪ್ಪಲಿಯಲ್ಲಿ ಸದ್ದಿಲ್ಲದೆ ಬಂದು ಎದುರಿಗೆ ನಿಂತಾಗ ಕಿರುಚಿಬಿಟ್ಟರಂತೆ. ಆಮೇಲೆ ಕುರ್ಚಿಯ ಅಂಚಿನಲ್ಲಿ ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಹೇಳಿದ ಮಾತು ಅಕ್ಕನಿಗೆ ಅಕ್ಷರ ಅಕ್ಷರ ನೆನಪಿದೆ.

“ಬರೋದು ಅವನು ಅಂತ ನನಗೆ ಗೊತ್ತು. ತಲೆ ಕೆಟ್ಟಿಲ್ಲ ನನಗೆ. ಆದ್ರೆ ಆ ಸದ್ದು ಮೆಟ್ಟಿಲ ಬುಡದಿಂದ ಶುರುವಾಗಿ ಮೇಲೆ ಬರೋ ತನಕ, ನಾನು ಚಿಲಕಕ್ಕೆ ಕೈ ಹಾಕೋ ತನಕ, ಅವರು ಇದ್ದಾರೆ. ದಿನಕ್ಕೆ ಅಷ್ಟೇ ನನಗೆ ಸಿಗೋದು. ಅದನ್ನ ಕಿತ್ಕೋಬೇಡಿ.”

ಅವನ ಸೊಂಟ ಹಾಳಾಗುತ್ತಿದೆ ಎಂದು ಅಕ್ಕ ಹೇಳಿದರು. ಆಕೆ ತಲೆ ತಗ್ಗಿಸಿದರು. ಹಾಗಾದರೆ ಬೆಂಡು ತೆಗೆದು, ಸದ್ದು ಮಾತ್ರ ಅದೇ ಬರುವ ಹಾಗೆ ಹಿಮ್ಮಡಿ ಹಾಕಲು ಆಗುತ್ತದೆಯೇ ಎಂದು ಸಣ್ಣ ದನಿಯಲ್ಲಿ ಕೇಳಿದರು. ಆಗುತ್ತದೆ. ಅಕ್ಕನಿಗೆ ಅದು ಕಷ್ಟದ ಕೆಲಸವೇ ಅಲ್ಲ. ಎಡ ಹಿಮ್ಮಡಿಯ ಒಳಗೆ ಟೊಳ್ಳು ಕೊರೆದು ರಬ್ಬರ್ ತುಂಬಿದರೆ ದಬ್ ಎನ್ನುತ್ತದೆ. ಕಾಲಿಗೂ ನೋವಿಲ್ಲ, ಕಿವಿಗೂ ನೋವಿಲ್ಲ. ನೋಡೋಣ ಎಂದು ಕಳಿಸಿದರು.

ಅವತ್ತು ಅತ್ತಿಗೆ ನಾದಿನಿಯರ ನಡುವೆ ಜಗಳವಾಯಿತು. ಪಿಸುಮಾತಿನ ಜಗಳ, ಆದರೂ ಜಗಳವೇ. ಅಕ್ಕ ರಬ್ಬರ್ ತುಂಡು ಹುಡುಕುತ್ತಿದ್ದರು. ಕಾಲು ಸರಿಹೋದರೆ ಸಾಕಲ್ಲ, ಪಾಪದ ಹೆಂಗಸಿಗೆ ಒಂದು ಸದ್ದು ತಾನೇ, ಉಳಿದರೆ ಯಾರ ಗಂಟು ಹೋಗುತ್ತದೆ ಎನ್ನುವುದು ಅವರ ವಾದ. ನಾದಿನಿ ಯಂತ್ರ ನಿಲ್ಲಿಸಿ ಎದ್ದು ಬಂದು ರಬ್ಬರ್ ಕಸಿದುಕೊಂಡರು.

“ಅತ್ತಿಗೇ, ಆ ಹುಡುಗ ಮೆಟ್ಟಿಲು ಹತ್ತೋವಾಗ ಮೇಲೆ ಯಾರೂ ಅವನಿಗೆ ಕಾಯ್ತಾ ಇಲ್ಲ. ಬಾಗಿಲು ತೆಗೆದ ಕೂಡಲೇ ಆಕೆ ಮುಖ ಬಾಡಿ ಹೋಗೋದನ್ನ ಅವನು ದಿನಾ ನೋಡ್ತಾನೆ. ಅದನ್ನ ನೀವು ಹೊಲಿದು ಕೊಡ್ತೀರಾ?”

ಅಕ್ಕ ಉಳಿ ತೆಗೆದುಕೊಂಡು ಎಡ ಶೂ ಒಳಪದರ ಎತ್ತಿದರು. ಬೆಂಡು ಬಂತು. ಅದರ ಮೇಲೆ ಎರಡು ಹಿಮ್ಮಡಿಗಳ ಗುರುತಿತ್ತು. ಅಡಿಯಲ್ಲಿ ಮೇಷ್ಟ್ರದ್ದು, ದೊಡ್ಡದು, ಮಾಸಿದ್ದು. ಮೇಲೆ ತಮ್ಮನದ್ದು, ಚಿಕ್ಕದು. ಅವನ ಗುರುತು ಅಂಚಿನಲ್ಲಿ ಸವೆದು, ದೊಡ್ಡದರ ಗೆರೆಯನ್ನೇ ಹಿಡಿದು ಹರಡಿಕೊಳ್ಳತೊಡಗಿತ್ತು. ಆಗ ನಾದಿನಿ ಅದನ್ನು ಮುಟ್ಟಲಿಲ್ಲ. ಅಕ್ಕ ಒಳಪದರ ಸಮ ಮಾಡಿ, ಎತ್ತಿ ಹೊಲಿದ ಮೇಲ್ಚರ್ಮ ಇಳಿಸಿ, ಎರಡೂ ಹಿಮ್ಮಡಿಗೆ ಒಂದೇ ಹಾಳೆಯಿಂದ ಚರ್ಮ ಕತ್ತರಿಸಿ ಹಾಕಿದರು. ಮೇಷ್ಟ್ರ ಹೆಂಡತಿಗೆ ತಾವೇ ಹೋಗಿ ಹೇಳಿಬಂದರು: ಇನ್ನು ಆ ಸದ್ದು ಬರುವುದಿಲ್ಲ, ನಾನು ಹಾಕುವುದೂ ಇಲ್ಲ. ಆಕೆ ಬಹಳ ಹೊತ್ತು ಅತ್ತರು. ಕೊನೆಗೆ, ಅವನ ಕಾಲು ಉಳಿಯಲಿ ಎಂದರು.

ಸಂಜೆ ತಮ್ಮ ಬಂದು ಶೂ ಹಾಕಿಕೊಂಡ. ಅಂಗಡಿ ಗಿಜಿಗುಡುತ್ತಿತ್ತು, ನಡೆಮನೆಯಲ್ಲೂ ಜನ. ಇನ್ನೊಮ್ಮೆ ಕೇಳದೆ ಕಳಿಸುವ ತಪ್ಪು ಅಕ್ಕ ಮಾಡುವವರಲ್ಲ; ಮನೆಯ ಮೆಟ್ಟಿಲಲ್ಲೇ ಕೇಳುತ್ತೇನೆಂದು ಅವನ ಜೊತೆ ಹೊರಟರು. ಬೀದಿಯ ಗದ್ದಲದಲ್ಲಿ ಏನೂ ತಿಳಿಯಲಿಲ್ಲ. ಆ ಕಟ್ಟಡದ ಮೆಟ್ಟಿಲು ಮರದ್ದು, ಕಿರಿದು, ಮೇಲೆ ಒಂದು ಮಂಕು ಬಲ್ಬು. ಅವನು ಮುಂದೆ, ಅಕ್ಕ ಹಿಂದೆ.

ಟಕ್.

ದಬ್.

ಅಕ್ಕ ಗೋಡೆ ಹಿಡಿದುಕೊಂಡರು. ಶೂಗಳನ್ನು ಮಾಡಿದ್ದು ಅವರೇ, ಒಳಗೆ ಏನೂ ಇಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಟಕ್-ದಬ್, ಟಕ್-ದಬ್ ಎಂದು ಸದ್ದು ಮೇಲೇರಿತು. ತಿರುವಿನಲ್ಲಿ ಅವನು ನಿಂತು ಕೆಮ್ಮಿದ. ಅವನು ಬಾಗಿಲ ಹತ್ತಿರ ತಲುಪುವ ಮುಂಚೆಯೇ ಒಳಗಿಂದ ಚಿಲಕ ಸರಿಯಿತು. ಬಾಗಿಲು ತೆರೆದವರ ಮುಖದಲ್ಲಿ ಈ ಸಲ ಆಸೆ ಇರಲಿಲ್ಲ. ಸದ್ದು ಬರುವುದಿಲ್ಲವೆಂದು ನಂಬಿಕೊಂಡು ಕೂತಿದ್ದ ಆಕೆ ಬಿಳಿಚಿಕೊಂಡು, ಅವನ ಮುಖ, ಅವನ ಕಾಲು, ಅಕ್ಕನ ಮುಖ, ಮೂರನ್ನೂ ನೋಡಿದರು. ಬೆಂಡು ತೆಗೆದೆ ಎಂದಿರಲ್ಲ ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದ ಹಾಗೇ ಆಯಿತು.

ತೆಗೆದಿದ್ದೇನೆ ಎಂದು ಅಕ್ಕ ಹೇಳಿದರು. ಅಲ್ಲೇ ಮೆಟ್ಟಿಲ ಮೇಲೆ ಅವನ ಶೂ ಬಿಚ್ಚಿಸಿದರು, ಆಕೆಯ ಕೈ ಹಿಡಿದು ಎರಡರ ಒಳಗೂ ಹಾಕಿಸಿ ತೋರಿಸಿದರು. ಎರಡೂ ಸಮ. ಬರಿಗಾಲಲ್ಲಿ ನಡೆ ಎಂದರು. ಅವನು ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದ. ಎಡಗಾಲು ಬರಿಗಾಲಲ್ಲೂ ಭಾರವಾಗಿ, ಚಪ್ಪಟೆಯಾಗಿ ಬಿತ್ತು. ಅವನು ತನ್ನ ಕಾಲನ್ನು ತಾನೇ ನೋಡುತ್ತಾ ನಿಂತ. ಆಮೇಲೆ, ಮೊದಲು ನಾನು ಹೇಗೆ ನಡೀತಿದ್ದೆ ಅತ್ತಿಗೆ ಎಂದು ಕೇಳಿದ.

ಒಂದೇ ಮನೆಯಲ್ಲಿ ಇಷ್ಟು ವರ್ಷ ಅವನು ಬಂದಿದ್ದಾನೆ, ಹೋಗಿದ್ದಾನೆ. ಅವನ ಹೆಜ್ಜೆಯ ಸದ್ದು ಆಕೆಯ ಕಿವಿಗೆ ಬಿದ್ದಿರಲೇಬೇಕು. ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ. ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಅಣ್ಣನ ಹೆಜ್ಜೆಗೆ. ಇವನೂ ಅದಕ್ಕೇ ಕಾಯುತ್ತಿದ್ದ.

ಹೇಗೆ ಹೀಗಾಯಿತು ಎಂದರೆ ಅಕ್ಕನ ಬಳಿ ಸರಳವಾದ ಉತ್ತರವಿದೆ: ಎಂಟು ತಿಂಗಳು ಸೊಟ್ಟ ನಡೆದ ಕಾಲು ಅದನ್ನೇ ಪಾಠ ಮಾಡಿಕೊಂಡಿದೆ. ಡಾಕ್ಟರೂ ಹಾಗೇ ಹೇಳಿದ್ದಾರೆ. ನಾದಿನಿಯ ಬಳಿ ಬೇರೆ ಉತ್ತರ ಇದ್ದ ಹಾಗಿದೆ. ಕೇಳಿದರೆ ಯಂತ್ರ ಜೋರಾಗಿ ತುಳಿಯುತ್ತಾರೆ. ಆ ಹಿಮ್ಮಡಿ ಗುರುತುಗಳಿದ್ದ ಬೆಂಡನ್ನು ಅವತ್ತು ರಾತ್ರಿಯೇ ಒಲೆಗೆ ಹಾಕಿದವರು ಅವರೇ. ಸುಡುವಾಗ ಮೂಗು ಸತ್ತ ಅಕ್ಕನಿಗೂ ವಾಸನೆ ಬಂತಂತೆ. ಅದೇನು ವಾಸನೆ ಎಂದು ಇಬ್ಬರೂ ಹೇಳಲು ಒಪ್ಪುವುದಿಲ್ಲ.

ಮೇಷ್ಟ್ರ ಹೆಂಡತಿ ಆ ಸಂಜೆಯಿಂದ ಬಾಗಿಲನ್ನು ತೆರೆದೇ ಇಡುತ್ತಾರೆ. ಮೈದುನ ಬರುವ ಹೊತ್ತಿಗೆ ಮೆಟ್ಟಿಲ ತುದಿಗೆ ಕುರ್ಚಿ ಹಾಕಿಕೊಂಡು, ಕೆಳಗಿನ ತಿರುವಿನಲ್ಲೇ ಅವನ ತಲೆ ಕಾಣುವ ಹಾಗೆ ಕೂರುತ್ತಾರೆ. ಸದ್ದು ಕೇಳುವ ಮುಂಚೆಯೇ ಮುಖ ಕಂಡುಬಿಡಲಿ ಎಂದು. ಅವನ ಹೆಸರು ಹಿಡಿದು ಕರೆಯುತ್ತಾರೆ. ಕೆಲವು ದಿನ ಎರಡು ಸಲ ಕರೆಯಬೇಕಾಗುತ್ತದೆ.

ಈಗ ಬೆಳಕು ಹರಿದಿದೆ. ಕಂದು ಶೂ ಪಕ್ಕಕ್ಕಿಟ್ಟು ಅಕ್ಕ ಬಾಗಿಲು ಅಗಲವಾಗಿ ತೆರೆಯುತ್ತಾರೆ. ಹೊರಗೆ ತಮ್ಮ ಬಂದಿದ್ದಾನೆ, ಪಾರ್ಸೆಲ್ ಚೀಲ ಗೋಡೆಗೆ ಒರಗಿಸಿದ್ದಾನೆ. ದಿನಾ ಕೆಲಸಕ್ಕೆ ಹೋಗುವ ಮುನ್ನ ಅವನು ಈ ಹಲಗೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಾನೆ. ಮೈ ಈಗ ಅಷ್ಟು ವಾಲುವುದಿಲ್ಲ, ಸೊಂಟದ ನೋವು ಇಳಿದಿದೆ. ಸದ್ದು ಇನ್ನೂ ಬಿಟ್ಟುಹೋಗಿಲ್ಲ. ಅಕ್ಕ ಹಲಗೆಯ ಮೇಲೆ ಕೂತು ಕಣ್ಣು ಮುಚ್ಚುತ್ತಾರೆ. ನಾದಿನಿ ಯಂತ್ರ ಮುಟ್ಟುವುದಿಲ್ಲ. ಟಕ್-ದಬ್ ಹೋಗುತ್ತದೆ, ಟಕ್-ದಬ್ ಬರುತ್ತದೆ. ಗೋಡೆಯ ಮೇಲಿನ ಶೂಗಳಲ್ಲಿ ಯಾವುದೋ ಒಂದು ಕಿರ್ರ್ ಎನ್ನುತ್ತದೆ.

ಇದ್ದಕ್ಕಿದ್ದ ಹಾಗೆ ಅಕ್ಕ ಕೈ ಎತ್ತುತ್ತಾರೆ. ಅವನು ನಿಲ್ಲುತ್ತಾನೆ. ಈಗ ಬಂತು, ಒಂದು ಹೆಜ್ಜೆ, ಅದು ಮೇಷ್ಟ್ರದ್ದಲ್ಲ ಎನ್ನುತ್ತಾರೆ. ಹಾಗಾದರೆ ತನ್ನದೇ ಎಂದು ಹೇಗೆ ಗೊತ್ತು, ತನಗೇ ಗೊತ್ತಾಗಲಿಲ್ಲವಲ್ಲ ಎಂದು ಅವನು ಕೇಳುತ್ತಾನೆ. ಅಕ್ಕ ಕಣ್ಣು ತೆರೆಯುವುದಿಲ್ಲ.

“ನಮ್ಮ ಹೆಜ್ಜೆ ನಮಗೆ ಕೇಳಲ್ಲಪ್ಪ. ಅದಕ್ಕೆ ಇನ್ನೊಬ್ಬರು ಕೂತು ಕೇಳಬೇಕು. ಇಷ್ಟು ದಿನ ನಿನಗೆ ಯಾರೂ ಕೂತಿರಲಿಲ್ಲ. ಈಗ ನಾನು ಕೂತಿದ್ದೀನಿ, ನಡಿ.”